ರ‍್ಯಾಂಕ್ ಪಟ್ಟಿಯ ತವರು

ಫಲಿತಾಂಶವನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಕೇಂಬ್ರಿಜ್‌ನ ಸೆನೆಟ್ ಹೌಸ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಪರೀಕ್ಷಕರೊಬ್ಬರು ಗ್ಯಾಲರಿ ಹತ್ತಿ ನಿಲ್ಲುವರು. ಕೆಳಗೆ ವಿದ್ಯಾರ್ಥಿಗಳು, ಗೆಳೆಯರು, ಪಾಠ ಹೇಳಿದವರು ಕಿಕ್ಕಿರಿದಿರುವರು. ಗಣಿತದ ಆನರ್ಸ್ ಪರೀಕ್ಷೆಗೆ ಅಲ್ಲಿ ಟ್ರೈಪಾಸ್ ಎಂದು ಹೆಸರು. ಮೊದಲ ದರ್ಜೆಯವರು ರ‍್ಯಾಂಗ್ಲರ್‌ಗಳು, ಅವರಲ್ಲಿ ಮೊದಲನೆಯವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ಬಿದ್ದ ಕೂಡಲೇ ಸಭೆ ಎದ್ದು ಕೂಗುತ್ತಿತ್ತು. ಆಮೇಲೆ ಎರಡನೆಯವನು, ಮೂರನೆಯವನು, ಹೀಗೆ ಒಬ್ಬರನ್ನೂ ಬಿಡದೆ ಕೊನೆಯವನವರೆಗೆ.

ಕೊನೆಯವನಿಗೂ ಒಂದು ಸನ್ಮಾನವಿತ್ತು. ಪದವಿ ಪಡೆಯಲು ಅವನು ಕುಲಪತಿಗಳ ಎದುರು ಮಂಡಿಯೂರಿದಾಗ, ಮೇಲಿನ ಗ್ಯಾಲರಿಯಿಂದ ಹಗ್ಗ ಕಟ್ಟಿದ ಮರದ ಸೌಟೊಂದು ಅವನ ತಲೆಯ ಹತ್ತಿರಕ್ಕೆ ಇಳಿಯುತ್ತಿತ್ತು. ಮೊದಮೊದಲು ಸಣ್ಣ ಸೌಟು. ಬರಬರುತ್ತ ಅದೂ ಬೆಳೆಯಿತು. 1909ರಲ್ಲಿ ಸೇಂಟ್ ಜಾನ್ಸ್ ಕಾಲೇಜಿನ ಹೋಲ್ಟ್‌ಹೌಸ್ ಎಂಬ ದೋಣಿ ಪಂದ್ಯದ ಹುಡುಗನಿಗೆ ಸಿಕ್ಕ ಸೌಟು ಒಂದು ಮೀಟರಿಗಿಂತ ಉದ್ದ. ಅದಕ್ಕೆ ಹಿಡಿಯಾಗಿ ಹುಟ್ಟನ್ನೇ ಜೋಡಿಸಿದ್ದರು, ಮೇಲೆ ಗ್ರೀಕ್ ಅಕ್ಷರ ಬರೆಸಿದ್ದರು. ಅದೇ ಕೊನೆಯ ಸೌಟು. ಮರುವರ್ಷದಿಂದ ಕೇಂಬ್ರಿಜ್ ಪಟ್ಟಿಯನ್ನು ರ‍್ಯಾಂಕಿನ ಕ್ರಮದಲ್ಲಿ ಓದುವುದನ್ನೇ ಬಿಟ್ಟಿತು. ಪ್ರತಿ ದರ್ಜೆಯೊಳಗೂ ಹೆಸರುಗಳು ಅಕ್ಷರಮಾಲೆಯ ಕ್ರಮಕ್ಕೆ ಬಂದವು.

ನಾನು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಗಣಿತ ಹೇಳಿಕೊಟ್ಟವಳು. ಈ ಪಟ್ಟಿಯ ಚರಿತ್ರೆಯ ಬೆನ್ನು ಹತ್ತಿದ್ದಕ್ಕೆ ಒಬ್ಬ ಹುಡುಗಿ ಕಾರಣ. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತಂದು ಬಿಎಸ್‌ಸಿಗೆ ಸೇರಿದ್ದವಳು. ರಿಯಲ್ ಅನಾಲಿಸಿಸ್ ಪತ್ರಿಕೆಯಲ್ಲಿ 71 ಬಂತು. ನಮ್ಮ ಕಾಲೇಜಿನಲ್ಲಿ ಆ ಪತ್ರಿಕೆಗೆ ಅದು ಒಳ್ಳೆಯ ಅಂಕ. ಮಾರ್ಕ್ಸ್ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ನಾನು ದಡ್ಡಿ ಆಗ್ಬಿಟ್ನಾ?"

ನೂರು ಬಂದಾಗ ಅವಳು ಬುದ್ಧಿವಂತೆ ಎಂದು ಊರೆಲ್ಲ ಹೇಳಿತ್ತು. ಆ ಲೆಕ್ಕದ ಪ್ರಕಾರವೇ ಅವಳು ಕೇಳಿದ್ದು; ಪ್ರಶ್ನೆಯಲ್ಲಿ ತರ್ಕದ ದೋಷವಿರಲಿಲ್ಲ. ದೋಷ ಆ ಲೆಕ್ಕದಲ್ಲಿತ್ತು. ಆ ಲೆಕ್ಕವನ್ನು ಮೊದಲು ಹಾಕಿದವರು ಯಾರು?

ಕೇಂಬ್ರಿಜ್‌ನಲ್ಲಿ ರ‍್ಯಾಂಕಿನ ಪಟ್ಟಿ 1748ರಿಂದ ಸಿಗುತ್ತದೆ. ಅದಕ್ಕೂ ಮೊದಲು ಅಲ್ಲಿ ಪರೀಕ್ಷೆ ಎಂದರೆ ಲ್ಯಾಟಿನ್ನಿನಲ್ಲಿ ಬಾಯಿವಾದ. ಒಬ್ಬ ಒಂದು ಪಕ್ಷ ಹಿಡಿಯಬೇಕು, ಉಳಿದವರು ಅದನ್ನು ಮುರಿಯಬೇಕು. ನಮ್ಮ ಹಳೆಯ ವಾಕ್ಯಾರ್ಥ ಸಭೆಗಳ ಹಾಗೆ. ಗಣಿತ ಬೆಳೆದಂತೆ ಬಾಯಿವಾದ ಸಾಲದೆ ಕಾಗದದ ಮೇಲೆ ಬರೆಸಲು ಶುರುಮಾಡಿದರು. ಬರೆದಿದ್ದನ್ನು ಹೋಲಿಸಬೇಕಲ್ಲ? ಪ್ರಶ್ನೆ ಪ್ರಶ್ನೆಗೂ ಇಷ್ಟಿಷ್ಟು ಅಂಕ ಎಂದು ಕೊಟ್ಟು ಕೂಡುವ ಪದ್ಧತಿಯನ್ನು 1792ರ ಸುಮಾರಿಗೆ ವಿಲಿಯಂ ಫಾರಿಷ್ ಎಂಬ ಪ್ರಾಧ್ಯಾಪಕ ತಂದ ಎಂದು ಕೇಂಬ್ರಿಜ್‌ನ ಚರಿತ್ರೆ ಬರೆದವರು ಹೇಳುತ್ತಾರೆ. ಕಾಲೇಜುಗಳಲ್ಲಿ ಫೆಲೋಶಿಪ್‌ಗಳು ಕೆಲವೇ ಇದ್ದವು, ಆಕಾಂಕ್ಷಿಗಳು ಹಲವರು. ಯಾರಿಗೆ ಕೊಡುವುದೆಂಬ ತಕರಾರು ತೀರಿಸಲು ಅಂಕ ಅನುಕೂಲಕ್ಕೆ ಬಂತು. ಅದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಆಗ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಆ ಪರೀಕ್ಷೆ ರಾಕ್ಷಸನಾಗಿತ್ತು. 1854ರ ಟ್ರೈಪಾಸ್‌ನಲ್ಲಿ 16 ಪತ್ರಿಕೆ, ಎಂಟು ದಿನ, ನಲವತ್ನಾಲ್ಕೂವರೆ ಗಂಟೆ ಬರವಣಿಗೆ, ಒಟ್ಟು 211 ಪ್ರಶ್ನೆ. ಯಾರೂ ಮುಗಿಸಲಾರದಷ್ಟು. ಆದ್ದರಿಂದ ಗಣಿತ ಗೊತ್ತಿದ್ದರೆ ಸಾಲದು, ವೇಗ ಬೇಕು. ವೇಗಕ್ಕೆ ಖಾಸಗಿ ಟ್ಯೂಷನ್ ಬೇಕು. ವಿಲಿಯಂ ಹಾಪ್ಕಿನ್ಸ್ ಎಂಬ ಟ್ಯೂಷನ್ ಮೇಷ್ಟ್ರಿಗೆ ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡುವವ ಎಂದೇ ಬಿರುದು ಬಂತು. ಅವನ ಶಿಷ್ಯ ಎಡ್ವರ್ಡ್ ರೌತ್ ಗುರುವನ್ನೂ ಮೀರಿಸಿ ಇಪ್ಪತ್ತೈದಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡಿದ. ಈಗ ನಮ್ಮೂರುಗಳ ಕೋಚಿಂಗ್ ಸೆಂಟರ್ ಬೋರ್ಡುಗಳಲ್ಲಿ ಮಕ್ಕಳ ಫೋಟೋ ಸಾಲಾಗಿ ಹಾಕುತ್ತಾರಲ್ಲ, ಆ ವ್ಯಾಪಾರದ ಮೂಲಪುರುಷರು ಇವರೇ. ರೌತ್ ಸ್ವತಃ 1854ರಲ್ಲಿ ಮೊದಲನೆಯವನಾದ. ಎರಡನೆಯವನಾಗಿ ಬಂದ ಹುಡುಗ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ತು, ಕಾಂತತ್ವ, ಬೆಳಕು ಮೂರನ್ನೂ ಒಂದೇ ಸೂತ್ರಕ್ಕೆ ತಂದವನು ಈ ಎರಡನೆಯವನು. ಅದಕ್ಕೂ ಮೊದಲು 1845ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಕೂಡ ಎರಡನೆಯವನೇ. ಎರಡನೇ ರ‍್ಯಾಂಕು ಯಾರಿಗೆಂದು ನೋಡಿ ಬರಲು ಅವನು ಆಳನ್ನು ಕಳಿಸಿದನಂತೆ, ಆಳು ಬಂದು "ನಿಮಗೇ ಸ್ವಾಮಿ" ಎಂದನಂತೆ. ಕಥೆಯೇ ಇರಬಹುದು. ಎರಡನೆಯದು ಬಂದರೆ ಸೋತಂತೆ ಎಂಬ ಭಾವನೆ ಅಲ್ಲಿ ಆಗಲೇ ಬೇರೂರಿತ್ತು ಎಂಬುದಂತೂ ಕಥೆಯಲ್ಲ.

1890ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ಹುಡುಗಿ ಎಲ್ಲ ಗಂಡಸರಿಗಿಂತ ಹೆಚ್ಚು ಅಂಕ ತಂದಳು, ಎರಡನೆಯವರಿಗಿಂತ ಶೇಕಡ 13ರಷ್ಟು ಮುಂದೆ. ಹೆಂಗಸರಿಗೆ ಪದವಿಯೂ ಇರಲಿಲ್ಲ, ಪಟ್ಟಿಯಲ್ಲಿ ಜಾಗವೂ ಇರಲಿಲ್ಲ. ಗಂಡಸರದ್ದು ಮುಗಿದ ಮೇಲೆ ಅವರ ಹೆಸರನ್ನು ಬೇರೆಯಾಗಿ ಓದಿ, ಯಾವ ಗಂಡಸಿನ ಮಟ್ಟಕ್ಕೆ ಸಮ ಎಂದು ಹೇಳುತ್ತಿದ್ದರು. ಅವಳ ಹೆಸರಿನ ಮುಂದೆ "ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ" ಎಂದು ಓದಬೇಕಾಗಿ ಬಂತು. ಕೇಂಬ್ರಿಜ್ ಹೆಂಗಸರಿಗೆ ಪದವಿ ಕೊಟ್ಟಿದ್ದು 1948ರಲ್ಲಿ. ಅಂಕವೇ ಯೋಗ್ಯತೆ ಎಂದು ಸಾರಿದ ವಿಶ್ವವಿದ್ಯಾಲಯವೇ, ಆ ಅಂಕ ಹುಡುಗಿಯ ಕೈಯಲ್ಲಿದ್ದಾಗ ಅದಕ್ಕೆ ಬೆಲೆ ಕೊಡಲಿಲ್ಲ.

ಇಷ್ಟೂ ಒಂದು ಊರಿನೊಳಗಿನ ಹುಚ್ಚಾಗಿ ಉಳಿಯಬಹುದಿತ್ತು. ಅದನ್ನು ಜಗತ್ತಿಗೆ ಹಬ್ಬಿಸಿದವರಲ್ಲಿ ಇಬ್ಬರು ಮುಖ್ಯರು. ಇಬ್ಬರೂ ಆ ಪಟ್ಟಿಯಲ್ಲಿ ಹೆಸರಿಲ್ಲದವರು.

ಮೊದಲನೆಯವನು ನಮಗೆಲ್ಲ ಗೊತ್ತಿರುವ ಮೆಕಾಲೆ. ಗಣಿತವೆಂದರೆ ಅವನಿಗೆ ಆಗುತ್ತಿರಲಿಲ್ಲ. 1822ರಲ್ಲಿ ಆನರ್ಸ್ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ, ಬರೀ ಪದವಿ ಸಿಕ್ಕಿತು. ಅಂಥವನು 1833ರಲ್ಲಿ, ಮತ್ತೆ 1853ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ನಿಂತು, ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಮುಂದಿದ್ದವರೇ ಬಾಳಿನಲ್ಲೂ ಮುಂದಿರುತ್ತಾರೆ, ಪಟ್ಟಿಗಳನ್ನು ತೆಗೆದು ನೋಡಿ ಎಂದು ವಾದಿಸಿದ. ಅವನ ಅಧ್ಯಕ್ಷತೆಯ ಸಮಿತಿ 1854ರಲ್ಲಿ ಕೊಟ್ಟ ವರದಿಯ ಮೇಲೆ ಮರುವರ್ಷವೇ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಬಂತು. ಸಮಿತಿ ಸೂಚಿಸಿದ ಒಟ್ಟು ಅಂಕ 6875. ಅದರಲ್ಲಿ ಗ್ರೀಕ್‌ಗೆ 750, ಲ್ಯಾಟಿನ್‌ಗೆ 750, ಗಣಿತಕ್ಕೆ 1000. ಭಾರತವನ್ನು ಆಳಲು ಬರುವವರಿಗೆ ಸಂಸ್ಕೃತಕ್ಕೆ 375, ಅರಬ್ಬಿಗೆ 375. ಯಾವ ವಿದ್ಯೆಗೆ ಎಷ್ಟು ತೂಕ ಎಂಬುದನ್ನು ಅಂಕ ಇಡುವ ಕೈ ಮೊದಲೇ ತೀರ್ಮಾನಿಸಿರುತ್ತದೆ.

ಎರಡನೆಯವನು ಫ್ರಾನ್ಸಿಸ್ ಗಾಲ್ಟನ್. ಇವನ ಕಥೆ ಓದುವಾಗ ನನಗೆ ನನ್ನ ವಿದ್ಯಾರ್ಥಿಗಳ ಮುಖಗಳೇ ಕಂಡವು. 1840ರಲ್ಲಿ ಟ್ರಿನಿಟಿ ಕಾಲೇಜಿಗೆ ಬಂದವನು ರ‍್ಯಾಂಗ್ಲರ್ ಆಗಿಯೇ ತೀರಬೇಕೆಂದು ಹಗಲಿರುಳು ಓದಿದ. ಮೂರನೇ ವರ್ಷಕ್ಕೆ ದೇಹ ಮನಸ್ಸು ಎರಡೂ ಕೈಕೊಟ್ಟವು. ತಲೆಯೊಳಗೆ ಗಿರಣಿಯಂಥದ್ದು ಸುತ್ತುತ್ತಲೇ ಇತ್ತು, ಅಚ್ಚಾದ ಹಾಳೆ ನೋಡಿದರೇ ಹಿಂಸೆಯಾಗುತ್ತಿತ್ತು ಎಂದು ಮುದಿವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆನರ್ಸ್ ಬಿಟ್ಟು, ಸಾಮಾನ್ಯ ಪದವಿ ತೆಗೆದುಕೊಂಡು 1844ರಲ್ಲಿ ಹೊರಬಿದ್ದ. ಇವನ ಸಂಬಂಧಿ ಚಾರ್ಲ್ಸ್ ಡಾರ್ವಿನ್ ಕೂಡ ಅದೇ ಕೇಂಬ್ರಿಜ್‌ನಲ್ಲಿ ಆನರ್ಸ್ ಗೋಜಿಗೆ ಹೋಗದೆ, ಜೀರುಂಡೆ ಹಿಡಿದುಕೊಂಡು ಹಾಯಾಗಿ ಪಾಸಾದವನು.

ಇಷ್ಟು ನೋವು ತಿಂದವನು ಆ ಪರೀಕ್ಷೆಯನ್ನು ಪ್ರಶ್ನಿಸಬೇಕಿತ್ತು. ಗಾಲ್ಟನ್ ಅದನ್ನೇ ಅಳತೆಗೋಲಾಗಿ ಎತ್ತಿಕೊಂಡ. 1869ರ 'ಹೆರಿಡಿಟರಿ ಜೀನಿಯಸ್' ಪುಸ್ತಕದಲ್ಲಿ, ಮನುಷ್ಯರ ಬುದ್ಧಿ ಹುಟ್ಟಿನಿಂದಲೇ ಬೇರೆ ಬೇರೆ ಎಂದು ತೋರಿಸಲು ಅವನು ಟ್ರೈಪಾಸ್ ಅಂಕಗಳನ್ನೇ ಸಾಕ್ಷಿಗೆ ಕರೆಯುತ್ತಾನೆ. ಒಂದು ವರ್ಷದ ಲೆಕ್ಕ ಹೀಗೆ: ಒಟ್ಟು 17,000 ಅಂಕ, ಮೊದಲನೆಯವನಿಗೆ 7634, ಎರಡನೆಯವನಿಗೆ 4123, ಆನರ್ಸ್ ಪಟ್ಟಿಯ ಕೊನೆಯವನಿಗೆ 237. ಕೊನೆಯವನಿಗಿಂತ ಮೊದಲನೆಯವನು ಮೂವತ್ತೆರಡು ಪಟ್ಟಿಗೂ ಹೆಚ್ಚು ಅಂಕ ತೆಗೆದ. ಬುದ್ಧಿಯ ಅಂತರ ಅಷ್ಟು ಅಗಾಧ ಎಂಬುದು ಅವನ ವಾದ.

ಈ ಅಂಕಿಗಳನ್ನು ನಾನು ಆ ಹುಡುಗಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಶೇಕಡಾವಾರು ನೀನೇ ತೆಗಿ ಅಂದೆ. ಮೊದಲನೆಯವನಿಗೆ ಶೇಕಡ 45 ಕೂಡ ಇಲ್ಲ. ಎರಡನೆಯವನಿಗೆ ಶೇಕಡ 24, ನಮ್ಮಲ್ಲಾದರೆ ಫೇಲು. ಪ್ರಶ್ನೆಪತ್ರಿಕೆ ಮಾಡಿದವರು ಬೇರೆ ಥರ ಮಾಡಿದ್ದರೆ ಈ ಅಂಕಿಗಳಲ್ಲಿ ಒಂದೂ ಹೀಗಿರುತ್ತಿರಲಿಲ್ಲ. ಹುಡುಗರ ತಲೆ ಮಾತ್ರ ಅವೇ ಇರುತ್ತಿದ್ದವು. ಅವಳು ಬಹಳ ಹೊತ್ತು ಹಲಗೆ ನೋಡಿದಳು. ಆಮೇಲೆ "ಆದ್ರೂ ಮೇಡಂ, ಅಪ್ಪ ಕೇಳಲ್ಲ" ಅಂದಳು.

ಅಪ್ಪ ಕೇಳದಿರುವುದಕ್ಕೂ ಚರಿತ್ರೆಯಿದೆ. ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ಕೆಲಸದಲ್ಲಿ ಆದ್ಯತೆ ಎಂದು ಲಾರ್ಡ್ ಹಾರ್ಡಿಂಜ್ ಘೋಷಿಸಿದ್ದು 1844ರಲ್ಲಿ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಅವು ಆಗ ಪಾಠ ಹೇಳುತ್ತಿರಲಿಲ್ಲ, ಪಾಠ ಕಾಲೇಜುಗಳಲ್ಲಿ. ವಿಶ್ವವಿದ್ಯಾಲಯದ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದು. ಹೀಗೆ ನಮ್ಮಲ್ಲಿ ವಿಶ್ವವಿದ್ಯಾಲಯ ಹುಟ್ಟಿದ್ದೇ ಪರೀಕ್ಷೆಯ ಕಚೇರಿಯಾಗಿ. ಕಲ್ಕತ್ತದ ಮೊದಲ ಬಿಎ ಪರೀಕ್ಷೆ 1858ರಲ್ಲಿ. ಪಾಸಾದವರು ಇಬ್ಬರೇ, ಅವರೂ ಒಂದು ವಿಷಯದಲ್ಲಿ ಗ್ರೇಸ್ ಮಾರ್ಕ್ಸ್ ಪಡೆದು. ಆ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರರು. ಪದವಿಯ ಬೆನ್ನಿಗೇ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಕೆಲಸ ಸಿಕ್ಕಿತು. ಊಟ, ಮನೆ, ಮದುವೆ, ಊರಿನಲ್ಲಿ ಮರ್ಯಾದೆ ಎಲ್ಲವೂ ಒಂದು ಪಟ್ಟಿಗೆ ಗಂಟುಬಿದ್ದ ಮೇಲೆ, ಪಟ್ಟಿಯನ್ನು ಹಗುರವಾಗಿ ತೆಗೆದುಕೋ ಎಂದು ಯಾವ ತಂದೆ ಹೇಳಿಯಾನು?

ನಮ್ಮ ವಿಶ್ವೇಶ್ವರಯ್ಯನವರನ್ನೇ ನೋಡಿ. ತಂದೆ ತೀರಿಹೋಗಿದ್ದರು. ಬೆಂಗಳೂರಿನಲ್ಲಿ ಕೊಡಗಿನವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಮದರಾಸು ವಿಶ್ವವಿದ್ಯಾಲಯದ ಬಿಎ ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು, ಜೇಮ್ಸ್ ಬರ್ಕ್‌ಲಿ ಬಹುಮಾನ ಬಂತು, ಮರುವರ್ಷ ಬೊಂಬಾಯಿ ಸರ್ಕಾರದಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು. ಮುದ್ದೇನಹಳ್ಳಿಯ ಬಡ ಹುಡುಗನಿಗೆ ರ‍್ಯಾಂಕು ಏಣಿಯಾಯಿತು, ಇದನ್ನು ಮರೆಯಬಾರದು. ಶಿಫಾರಸು, ವಂಶ, ದುಡ್ಡು ಯಾವುದೂ ಇಲ್ಲದವರಿಗೆ ಅಂಕವೊಂದೇ ಗತಿಯಾಗಿದ್ದ ಕಾಲವಿತ್ತು. ಈಗಲೂ ಎಷ್ಟೋ ಮನೆಗಳಲ್ಲಿ ಹಾಗೇ ಇದೆ. 1899ರಲ್ಲಿ ರತ್ನಾಗಿರಿ ಜಿಲ್ಲೆಯ ರಘುನಾಥ ಪರಾಂಜಪೆ ಕೇಂಬ್ರಿಜ್‌ನ ಸೀನಿಯರ್ ರ‍್ಯಾಂಗ್ಲರ್ ಪಟ್ಟವನ್ನು ಇನ್ನೊಬ್ಬನೊಂದಿಗೆ ಹಂಚಿಕೊಂಡಾಗ ದೇಶವೇ ಸಂಭ್ರಮಿಸಿತು. ಆಳುವವರ ಅಳತೆಗೋಲಿನಲ್ಲೇ ಅವರನ್ನು ಗೆದ್ದೆವೆಂಬ ಹೆಮ್ಮೆ ಅದು, ಸುಳ್ಳು ಹೆಮ್ಮೆಯಲ್ಲ. ಆ ಗೋಲನ್ನು ನಾವು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೂ ಆ ಹೆಮ್ಮೆಯಿಂದಲೇ ಎಂದು ನನಗೆ ಅನ್ನಿಸುತ್ತದೆ.

ಇದಾಗಿ ಕೆಲವೇ ವರ್ಷಗಳಿಗೆ ಕುಂಭಕೋಣದಲ್ಲಿ ಒಬ್ಬ ಹುಡುಗನ ಕಾಲ ಕೆಳಗಿನ ನೆಲ ಕುಸಿಯುತ್ತಿತ್ತು. ಗಣಿತ ಬಿಟ್ಟು ಬೇರೇನೂ ಓದದ ರಾಮಾನುಜನ್ ಕಾಲೇಜಿನಲ್ಲಿ ಇಂಗ್ಲಿಷ್‌ನಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದರು. ಆಮೇಲೆ ಮದರಾಸಿನ ಪಚ್ಚೈಯಪ್ಪ ಕಾಲೇಜು. 1906ರಲ್ಲಿ ಎಫ್‌ಎ (ಫಸ್ಟ್ ಆರ್ಟ್ಸ್) ಪರೀಕ್ಷೆ ಫೇಲು, 1907ರಲ್ಲಿ ಮತ್ತೆ ಫೇಲು. ಶರೀರಶಾಸ್ತ್ರದ ಪತ್ರಿಕೆ ಅವರಿಗೆ ದಾಟಲಾಗದ ಹೊಳೆ. 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿಗೆ ಬರೆದ ಕಾಗದದಲ್ಲಿ, ತನಗೆ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲ ಎಂದು ಮೊದಲೇ ಹೇಳಿಕೊಂಡರು.

ಆ ಕಾಗದ ಹಾರ್ಡಿಯ ಕೈಗೆ ಬಿದ್ದಿದ್ದು ನಮ್ಮ ಪುಣ್ಯ. 1898ರಲ್ಲಿ ಹಾರ್ಡಿ ನಾಲ್ಕನೇ ರ‍್ಯಾಂಗ್ಲರ್. ಟ್ಯೂಷನ್ನಿನ ಉರುಹೊಡೆತಕ್ಕೆ ಬೇಸತ್ತು ಗಣಿತ ಬಿಟ್ಟು ಚರಿತ್ರೆಗೆ ಹೋಗಿಬಿಡುವ ಯೋಚನೆಯಲ್ಲಿದ್ದವರು ಅವರು. 1893ರಲ್ಲಿ ಏಳನೆಯವನಾದ ಬರ್ಟ್ರಂಡ್ ರಸೆಲ್ ಅಂತೂ ಪರೀಕ್ಷೆ ಮುಗಿದ ಮೇಲೆ ಗಣಿತದ ಪುಸ್ತಕಗಳನ್ನೆಲ್ಲ ಮಾರಿದ್ದ. ರ‍್ಯಾಂಕಿನ ಕ್ರಮ ಹೋಗಲೇಬೇಕೆಂದು ಹೋರಾಡಿದವರಲ್ಲಿ ಹಾರ್ಡಿ ಮುಂಚೂಣಿಯಲ್ಲಿದ್ದರು, 1909ಕ್ಕೆ ಅದು ಹೋಯಿತು. ಅಷ್ಟಕ್ಕೆ ತೃಪ್ತರಾಗದೆ, 1926ರಲ್ಲಿ ಗಣಿತ ಅಧ್ಯಾಪಕರ ಸಂಘದ ಅಧ್ಯಕ್ಷ ಭಾಷಣದಲ್ಲಿ ಟ್ರೈಪಾಸನ್ನು ಸುಧಾರಿಸುವುದಲ್ಲ, ತೆಗೆದೇ ಹಾಕಬೇಕು ಎಂದರು. ಆದರೂ ಅಂಕ ಹಾಕುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ: ಗಣಿತಜ್ಞರ ಸಹಜ ಪ್ರತಿಭೆಗೆ ನೂರಕ್ಕೆ ಅಂಕ ಹಾಕುವಾಗ ತನಗೆ 25, ಲಿಟಲ್‌ವುಡ್‌ಗೆ 30, ಹಿಲ್ಬರ್ಟ್‌ಗೆ 80, ರಾಮಾನುಜನ್‌ಗೆ 100 ಎಂದು ಹಾರ್ಡಿ ಕೊಟ್ಟರೆಂದು ಗಣಿತಜ್ಞ ಪಾಲ್ ಏರ್ಡೆಶ್ ಹೇಳುತ್ತಿದ್ದರು. ಈ ಲಿಟಲ್‌ವುಡ್ 1905ರ ಸೀನಿಯರ್ ರ‍್ಯಾಂಗ್ಲರ್. ನೂರು ಸಿಕ್ಕಿದ್ದು ಎಫ್‌ಎ ಫೇಲಾದವರಿಗೆ.

ಅಂಕವೇ ಯೋಗ್ಯತೆಯೇ ಎಂಬ ಪ್ರಶ್ನೆ ಮೈಸೂರಿನಲ್ಲಿ ಇನ್ನೊಂದು ದಾರಿಯಿಂದ ಬಂತು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಗಿದ್ದು 1891ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ. ಪರೀಕ್ಷೆ ಎಲ್ಲರಿಗೂ ಒಂದೇ, ಆದರೆ ಅಲ್ಲಿಯವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬಹುಪಾಲು ಕುರ್ಚಿಗಳು ಒಂದೇ ಸಮುದಾಯದವರಿಂದ ತುಂಬಿದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ಆಲೋಚನೆಯೇ ಒಪ್ಪಿಗೆಯಾಗಿರಲಿಲ್ಲ, ವರದಿ ಬರುವ ಮೊದಲೇ 1918ರ ಕೊನೆಗೆ ದಿವಾನಗಿರಿ ಬಿಟ್ಟಿದ್ದರು. ಅವರನ್ನು ಗೌರವಿಸುತ್ತಲೇ ನಾನು ಒಡೆಯರ ಪಕ್ಷ. ಪರೀಕ್ಷೆಯ ಅಂಕವೊಂದೇ ಮನುಷ್ಯನ ಅರ್ಹತೆಯಲ್ಲ ಎಂದು ಒಂದು ಸರ್ಕಾರ ಕಾಗದದ ಮೇಲೆ ಒಪ್ಪಿಕೊಂಡಿದ್ದು ಸಣ್ಣ ಸಂಗತಿಯಲ್ಲ. ಅಂದಹಾಗೆ, ಮೆಟ್ರಿಕ್ಯುಲೇಷನ್ ದಾಟದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು.

ಅಂಕ ಹುಟ್ಟುವ ಜಾಗವನ್ನು ಒಮ್ಮೆ ನೋಡಿದವರು ಅದನ್ನು ಅಷ್ಟು ನಂಬುವುದಿಲ್ಲ. ವ್ಯಾಲ್ಯುಯೇಷನ್ ಸೆಂಟರಿನಲ್ಲಿ ಉದ್ದುದ್ದ ಮೇಜು, ದಾರ ಕಟ್ಟಿದ ಬಂಡಲ್ಲು, ರಿಜಿಸ್ಟರ್ ನಂಬರ್ ಇದ್ದ ಕಡೆ ಕೋಡ್ ನಂಬರ್. ಪಕ್ಕದಲ್ಲಿ ಸ್ಕೀಮ್ ಇರುತ್ತದೆ: ಹೇಳಿಕೆಗೆ ಒಂದು ಅಂಕ, ಚಿತ್ರಕ್ಕೆ ಒಂದು, ಸಾಧನೆಗೆ ಐದು. ಒಬ್ಬ ಹುಡುಗ ಸ್ಕೀಮಿನಲ್ಲಿಲ್ಲದ ದಾರಿಯಲ್ಲಿ ಹೋಗಿ ಸರಿಯಾದ ಕಡೆಗೇ ಬಂದು ಮುಟ್ಟಿರುತ್ತಾನೆ, ನಡುವೆ ಒಂದು ಸಾಲು ಬಿಟ್ಟಿರುತ್ತಾನೆ. ನಾನು ಆರು ಕೊಡುವೆ, ಎದುರು ಕೂತ ಮೇಷ್ಟ್ರು ನಾಲ್ಕು ಎನ್ನುವರು, ಚೀಫ್ ಬಂದು ಐದು ಮಾಡುವರು. ಮೂವರೂ ಪ್ರಾಮಾಣಿಕರೇ. ಇಂಥ ಏಳೆಂಟು ಪ್ರಶ್ನೆ ಕೂಡಿದಾಗ ಬರುವ 71ಕ್ಕೂ 76ಕ್ಕೂ ನಡುವೆ ಇರುವುದು ನಮ್ಮ ಮೂವರ ಅಭಿಪ್ರಾಯ. ಅದನ್ನೇ ಎರಡು ದಶಮಾಂಶ ಸ್ಥಾನದವರೆಗೆ ಎಸ್‌ಜಿಪಿಎ ಮಾಡಿ ಅಚ್ಚು ಹಾಕಿಸಿದರೆ ಅದು ಸತ್ಯವಾಗಿ ಕಾಣುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 624 ಬಂದ ಮಗು ಕಳೆದುಹೋದ ಒಂದಕ್ಕಾಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಹದಿನೈದರ ಹರೆಯದಲ್ಲಿ ಆ ಮಗುವಿಗೆ ನಾವು ತನ್ನನ್ನು ತಾನು ನೋಡಿಕೊಳ್ಳಲು ಬೇರೆ ಕನ್ನಡಿಯನ್ನೇ ಕೊಟ್ಟಿಲ್ಲ. ಕಾಲೇಜಿಗೆ ಬಂದು, ತನ್ನಂಥ ನೂರು ಜನ ಬುದ್ಧಿವಂತರ ನಡುವೆ ಕೂತು, ಮೊದಲ ಸಲ ನಲವತ್ತನೆಯವಳಾದಾಗ ಅವಳಿಗೆ ತಾನು ಯಾರೆಂದೇ ತಿಳಿಯದಂತಾಗುತ್ತದೆ. ಕೆಲವರು ತರಗತಿಗೆ ಬರುವುದನ್ನೇ ಬಿಡುತ್ತಾರೆ. ಹಾಸ್ಟೆಲಿನ ಕೋಣೆಯ ಬಾಗಿಲು ತೆರೆಯುವುದಿಲ್ಲ. ಇದನ್ನು ನಾವು ಅಧ್ಯಾಪಕರು ಬಲ್ಲೆವು.

ಇಂಟರ್ನಲ್ ಟೆಸ್ಟಿನ ಪಟ್ಟಿಯನ್ನು ನೋಟೀಸ್ ಬೋರ್ಡಿನಲ್ಲಿ ಅಂಕದ ಕ್ರಮದಲ್ಲಿ ಹಾಕುವುದನ್ನು ನಮ್ಮ ವಿಭಾಗದಲ್ಲಿ ನಿಲ್ಲಿಸಿದೆ. ಉತ್ತರಪತ್ರಿಕೆಯನ್ನು ಒಬ್ಬೊಬ್ಬರಿಗೇ ಕೈಗೆ ಕೊಟ್ಟೆ. ಸಹೋದ್ಯೋಗಿಗಳು ಇದರಿಂದ ಸ್ಪರ್ಧೆ ಹೋಗುತ್ತದೆ ಎಂದರು, ಹೋಗಲಿ ಎಂದೆ. ಪೋಷಕರ ಸಭೆಯಲ್ಲಿ ಆ ಹುಡುಗಿಯ ತಂದೆ ಬಂದು, "ಅದೆಲ್ಲ ಸರಿ ಮೇಡಂ, ನಮ್ಮ ಹುಡುಗಿ ಎಷ್ಟನೆಯವಳು ಹೇಳಿ" ಎಂದು ಕೂತರು. ಅವಳ ಉತ್ತರಪತ್ರಿಕೆ ತೆಗೆದು ಅವರ ಮುಂದಿಟ್ಟೆ. ಅವರು ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವರು, ಅಂಕಿ ಕಂಡರೆ ಹೆದರುವವರಲ್ಲ. ಮೂರನೇ ಪುಟದಲ್ಲಿ ಅವಳು ಒಂದು ಶ್ರೇಢಿ ಒಮ್ಮುಖವೆಂದು ಪುಸ್ತಕದಲ್ಲಿಲ್ಲದ ರೀತಿಯಲ್ಲಿ ಸಾಧಿಸಿದ್ದಳು. ಎಲ್ಲಿ ಹೊಸದಾಗಿ ಯೋಚಿಸಿದ್ದಾಳೆ, ಎಲ್ಲಿ ಆತುರಪಟ್ಟು ಒಂದು ಷರತ್ತು ಮರೆತಿದ್ದಾಳೆ ಎಂದು ಬೆರಳಿಟ್ಟು ತೋರಿಸುತ್ತ ಹೋದೆ. ಅವರು ಕನ್ನಡಕ ಹಾಕಿಕೊಂಡು ಹಾಳೆ ಹಾಳೆ ತಿರುವಿದರು, ನಡುನಡುವೆ ಇದು ಯಾಕೆ, ಅದು ಯಾಕೆ ಎಂದು ಕೇಳಿದರು. ಹಿಂದೆ ಕಾದಿದ್ದ ಪೋಷಕರು ಗೊಣಗತೊಡಗಿದ ಮೇಲೆಯೇ ಎದ್ದಿದ್ದು.